ಸೋಮವಾರದ ಆ ಒಂದು ಮತ

ಚುನಾವಣೆ ನಡೆಸಿ, ಮತ ಎಣಿಸಿ, ಫಲಿತಾಂಶ ಸಾರಿದ ಮಾನ್ಯ ಅಧಿಕಾರಿಗಳೇ,

ನಮ್ಮೂರಿನಲ್ಲಿ ಯಾರು ಯಾರಿಗೆ ಮತ ಹಾಕಿದರು ಎನ್ನುವುದು ಈಗ ಎಲ್ಲರಿಗೂ ಗೊತ್ತು. ಅಂದಾಜಿನ ಮೇಲಲ್ಲ, ಹೆಸರು ಹಿಡಿದು ಗೊತ್ತು. ಮತದಾನ ಗುಪ್ತವಾಗಿರುತ್ತದೆ, ನಿರ್ಭೀತಿಯಿಂದ ಬನ್ನಿ ಎಂದು ಶಾಲೆಯ ಗೋಡೆಗೆ ದೊಡ್ಡ ಅಕ್ಷರದ ಹಾಳೆ ಅಂಟಿಸಿದವರು ನೀವು. ಅದೇ ಶಾಲೆಯ ಕೋಣೆಯಲ್ಲಿ ಬಿದ್ದ ಮತಗಳನ್ನು ಬೇರೆಯಾಗಿ ಎಣಿಸಿ, ಈ ಮತಗಟ್ಟೆಯಲ್ಲಿ ಈ ಪಕ್ಷಕ್ಕೆ ಇಷ್ಟು, ಆ ಪಕ್ಷಕ್ಕೆ ಅಷ್ಟು ಎಂದು ಲೋಕಕ್ಕೆಲ್ಲ ತಿಳಿಸಿದವರೂ ನೀವೇ. ನಾನೂರು ಚಿಲ್ಲರೆ ಮತಗಳ ಊರಿನಲ್ಲಿ ಇದಕ್ಕೆ ಗುಪ್ತ ಎನ್ನುವುದಾದರೆ, ನಮ್ಮ ಹಿತ್ತಲಲ್ಲಿ ಸೀರೆ ಕಟ್ಟಿ ಮಾಡಿದ ಬಚ್ಚಲಿಗೆ ಅರಮನೆ ಎನ್ನಬೇಕಾಗುತ್ತದೆ.

ತಾವು ಗಾಬರಿಯಾಗಬೇಡಿ. ನಾನು ಯಂತ್ರವನ್ನು ದೂರುತ್ತಿಲ್ಲ. ಯಂತ್ರ ಕೆಟ್ಟಿತ್ತು, ಯಾರೋ ಕೈಯಾಡಿಸಿದರು ಎನ್ನುವವರ ಗುಂಪಿಗೆ ನನ್ನನ್ನು ಸೇರಿಸಿ ಈ ಪತ್ರವನ್ನು ಬದಿಗಿಡಬೇಡಿ. ನಿಮ್ಮ ಯಂತ್ರ ಒಂದು ಮತವನ್ನೂ ತಪ್ಪಿ ಎಣಿಸಿಲ್ಲ. ಅದು ನಿಜವನ್ನೇ ಹೇಳಿತು, ಬೀದಿಗೆ ಬಂದು ಹೇಳಿತು. ನಮ್ಮ ತೊಂದರೆ ಅದೇ.

ಬಿತ್ತನೆಯ ಕೂರಿಗೆ ಗುರುತಿನ ಪಕ್ಷ ಮತ್ತೆ ಗೆದ್ದಿತು. ಗೆದ್ದಿತು ಎಂದರೆ ಕಡಿಮೆಯಾಯಿತು, ಎದುರಿಗೆ ನಿಂತವರ ಠೇವಣಿಯನ್ನೂ ಉಳಿಸಲಿಲ್ಲ. ನನ್ನ ಮದುವೆಯ ವರ್ಷ ಆಳುತ್ತಿದ್ದವರು ಅವರೇ, ನನ್ನ ಮಗಳ ಮದುವೆಯ ವರ್ಷವೂ ಅವರೇ, ಈಗ ಮೊಮ್ಮಗಳು ಅಂಗನವಾಡಿಗೆ ಹೋಗುವಾಗಲೂ ಅವರೇ. ಟೀವಿಯಲ್ಲಿ ಕೋಟು ಹಾಕಿಕೊಂಡವರು ಕೂತು, ಜನ ಇಷ್ಟೊಂದು ಪ್ರೀತಿ ತೋರಿಸಿದ್ದು ಹೇಗೆ ಎಂದು ಸಂಜೆಯವರೆಗೆ ವಿಶ್ಲೇಷಣೆ ಮಾಡಿದರು. ಆಡಳಿತದ ವೈಖರಿ, ನಾಯಕತ್ವದ ವರ್ಚಸ್ಸು, ವಿರೋಧ ಪಕ್ಷದ ಒಡಕು ಎಂದೆಲ್ಲ ಕಾರಣ ಕೊಟ್ಟರು. ನಮ್ಮ ಹಳ್ಳದ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ಆದ್ದರಿಂದ ಆ ಪ್ರೀತಿಯ ಕಥೆಯನ್ನು ನಾನು ಹೇಳುತ್ತೇನೆ.

ಯರಗುಪ್ಪಿಯ ಕಡೆ ಹೋಗುವ ರಸ್ತೆಯಿಂದ ಒಳಕ್ಕೆ ಹೊರಳಿದರೆ ಒಂದು ಹಳ್ಳ ಸಿಗುತ್ತದೆ. ಅದರ ಆಚೆ ದಂಡೆಯಲ್ಲಿ ನಮ್ಮೂರು. ಮಳೆಗಾಲದಲ್ಲಿ ಹಳ್ಳ ಬಂತೆಂದರೆ ಈಚೆಯವರು ಈಚೆ, ಆಚೆಯವರು ಆಚೆ. ಬಾಣಂತಿಯನ್ನು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕೂಡಿಸಿ ದಾಟಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದಿನ ಚುನಾವಣೆಗೆ ಮೊದಲು ಇದೇ ಹಳ್ಳಕ್ಕೆ ಸೇತುವೆ ಮಂಜೂರಾಗಿತ್ತು. ಅಳತೆಯವರು ಬಂದು ಸುಣ್ಣದ ಗೆರೆ ಎಳೆದು ಹೋಗಿದ್ದರು. ಆ ಚುನಾವಣೆಯಲ್ಲಿ ನಮ್ಮ ಮತಗಟ್ಟೆಯಲ್ಲಿ ಕೂರಿಗೆಗೆ ಸ್ವಲ್ಪ ಕಡಿಮೆ ಬಿತ್ತು. ಬಹಳವಲ್ಲ, ಊರು ಸರಿಯಾಗಿ ಎರಡಾಗಿ ಒಡೆದು, ಎದುರು ಪಕ್ಷದ ಕಡೆ ತುಸು ವಾಲಿತ್ತು. ಕ್ಷೇತ್ರದಲ್ಲಿ ಕೂರಿಗೆಯೇ ಗೆದ್ದಿತು, ಸರ್ಕಾರವೂ ಅವರದೇ ಆಯಿತು. ಸೇತುವೆ ಮಾತ್ರ ನಮ್ಮ ಹಳ್ಳ ಬಿಟ್ಟು ಬೇರೆ ಊರಿನ ಹಳ್ಳಕ್ಕೆ ಹೋಯಿತು. ಕೂರಿಗೆ ಪಕ್ಷದ ತಾಲೂಕಿನ ಮುಖಂಡರು ಏನನ್ನೂ ಮುಚ್ಚಿಡಲಿಲ್ಲ. ನಿಮ್ಮ ಕಚೇರಿಯಿಂದ ಬಂದ ಮತಗಟ್ಟೆವಾರು ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸಿ, "ನೋಡ್ರಿ, ನಿಮ್ಮ ಊರು ಇಲ್ಲಿ ಐತಿ, ನೀವಽ ನೋಡ್ರಿ" ಎಂದರು. ನಾವು ನೋಡಿದೆವು, ಐದು ವರ್ಷ ಟ್ರೇಲರಿನಲ್ಲಿ ಕೂತು ನೋಡಿದೆವು.

ಈಗ ನನ್ನ ಪರಿಚಯ. ನಾನು ಶೈಲಾ, ಊರಿನ ಹಿಟ್ಟಿನ ಗಿರಣಿ ನಡೆಸುತ್ತೇನೆ. ನನ್ನ ಗಂಡ ಕುಬೇರಪ್ಪ ಹೊಲ ನೋಡಿಕೊಳ್ಳುತ್ತಾರೆ. ನನ್ನ ಬಾಯಿ ಸ್ವಲ್ಪ ಜೋರು. ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಹಾಗಾಗಿದೆ ಎಂದು ನಾನು ಹೇಳುತ್ತೇನೆ, ಹುಟ್ಟಿನಿಂದಲೇ ಹಾಗೆ ಎಂದು ಅವರು ಹೇಳುತ್ತಾರೆ. ಗಿರಣಿಯಲ್ಲಿ ಸೋಮವಾರ ಕೆಲಸ ಹೆಚ್ಚು. ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತುಗಳಿಗೆ ರಜೆ. ಅಂದು ಯಾರೂ ಎತ್ತು ಹೂಡುವುದಿಲ್ಲ, ಬಿತ್ತುವುದಿಲ್ಲ, ಕೂರಿಗೆಗೆ ಕೈ ಹಚ್ಚುವುದಿಲ್ಲ. ಎತ್ತು ಮಾರಿ ಟ್ರ್ಯಾಕ್ಟರ್ ತಂದವರೂ ಸೋಮವಾರ ಬಿತ್ತನೆ ಮಾಡುವುದಿಲ್ಲ. ಹೊಲದ ಕೆಲಸ ಇಲ್ಲವಾದ್ದರಿಂದ ಮಂದಿ ಜೋಳದ ಡಬ್ಬಿ ಹೊತ್ತು ನನ್ನಲ್ಲಿಗೆ ಬರುತ್ತಾರೆ. ಹಿಟ್ಟು ಬೀಸುವವರೆಗೆ ಊರಿನ ಮಾತೆಲ್ಲ ಅಲ್ಲಿ ಬೀಸಿ ಮುಗಿಯುತ್ತದೆ.

ಈ ಸಲದ ಚುನಾವಣೆಗೆ ಮುಂಚೆ ಬಸವಣ್ಣನ ಗುಡಿಯ ಮುಂದೆ ದೈವ ಕೂಡಿತು. ನಿಮಗೆ ತಿಳಿಯಲಿ ಎಂದು ಹೇಳುತ್ತೇನೆ, ದೈವವೆಂದರೆ ನಮ್ಮಲ್ಲಿ ಊರ ಮಂದಿಯೆಲ್ಲ ಕೂಡುವ ಸಭೆ. ಅಲ್ಲಿ ಕೂರಿಗೆ ಪಕ್ಷದ ಊರ ಕಾರ್ಯಕರ್ತ ಈರೇಶ ಎದ್ದು ನಿಂತು ಸೇತುವೆಯ ಮಾತು ತೆಗೆದು, "ಪೂಲ ಬೇಕೋ ಬ್ಯಾಡೋ ಅಷ್ಟಽ ಹೇಳ್ರಿ. ಬೇಕಂದ್ರ ಎಲ್ಲಾರೂ ಕೂರಿಗಿಗೆ. ಒಂದೂ ಆಚೀಚಿ ಬೀಳಬಾರದು" ಎಂದ. ಹಿರಿಯರು ತಲೆಯಾಡಿಸಿದರು. ಎದುರು ಪಕ್ಷದ ಏಜೆಂಟನೂ ತಲೆಯಾಡಿಸಿದ. ಹೆಂಗಸರ ಸಾಲಿನಿಂದ ನಾನು ಎದ್ದು ಮಾತಾಡಿದೆ: "ಪೂಲ ಅವರ ಮನೀ ಬಾಗಲಾ ಮಾರಿ ಕಟ್ಟತಾರೇನೋ ಈರೇಶ? ನಮ್ಮ ರೊಕ್ಕದಾಗ ಕಟ್ಟೂ ಪೂಲಿಗೆ ನಮ್ಮ ಓಟ್ ಯಾಕ ಒತ್ತಿ ಇಡಬೇಕು?" ಹಿಂದಿನಿಂದ ಯಾರೋ ನಕ್ಕರು. ನಿರ್ಣಯ ಆಯಿತು.

ಮತದಾನ ಸೋಮವಾರ ಬಂತು. ಫಲಿತಾಂಶದ ದಿನ ನಮ್ಮ ಮತಗಟ್ಟೆಯ ಅಂಕಿ ಮೊಬೈಲುಗಳಲ್ಲಿ ಹರಿದಾಡಿತು. ಒಂದನ್ನು ಬಿಟ್ಟು ಬಿದ್ದ ಮತಗಳೆಲ್ಲ ಕೂರಿಗೆಗೆ. ಮುಖ್ಯ ಎದುರಾಳಿಗೆ ಸೊನ್ನೆ. ಚಹಾದ ಕಿಟ್ಲಿಯ ಗುರುತಿನ ಪಕ್ಷೇತರನಿಗೆ, ನಮ್ಮೂರಲ್ಲಿ ಯಾರೂ ಮುಖ ನೋಡದ ಆ ಮನುಷ್ಯನಿಗೆ, ಒಂದೇ ಒಂದು ಮತ. ಎದುರು ಪಕ್ಷದ ಏಜೆಂಟ ತನ್ನ ಪಕ್ಷಕ್ಕೆ ತಾನೇ ಮತ ಹಾಕಿರಲಿಲ್ಲ ಎಂದು ಅವನ ಹೆಂಡತಿಗೂ ಗೊತ್ತಾಯಿತು. ಇಂಥ ಪಾರದರ್ಶಕತೆಗಾಗಿ ತಮಗೆ ಅಭಿನಂದನೆ.

ವಿಜಯೋತ್ಸವಕ್ಕೆ ಬಂದ ಮುಖಂಡರು ಹಾರ ಹಾಕಿಸಿಕೊಂಡು, ಗುಲಾಲು ಹಚ್ಚಿಸಿಕೊಂಡು, ನಗುತ್ತಲೇ ಹೇಳಿದರು: "ಎಲ್ಲಾ ಛಲೋ ಆತ್ರಿ. ಆ ಒಂದು ಯಾರದು? ಊರು ಒಂದಾಗೇತಿ ಅಂತ ನಾ ಮ್ಯಾಲಿನವರಿಗೆ ಹೆಂಗ ಹೇಳಲಿ? ಅದನ್ನ ಹುಡುಕಿ ಹೇಳ್ರಿ, ಆಮ್ಯಾಲ ಪೂಲಿನ ಮಾತ ತಗಿಯೂಣು." ಗೆಲುವಿನ ಅಂತರ ಇಡೀ ತಾಲೂಕಿನಷ್ಟಿತ್ತು. ಅವರ ಕಣ್ಣು ಆ ಒಂದರ ಮೇಲಿತ್ತು. ಬರೀ ಗೆಲುವು ಬೇಕಾದವರಿಗೆ ಒಂದು ಮತದ ಚಿಂತೆ ಇರುವುದಿಲ್ಲ ಮಾನ್ಯರೇ. ಅವರಿಗೆ ಬೇಕಾದದ್ದು ಬೇರೆ.

ಆ ಒಂದು ಯಾರದು ಎಂದು ಹುಡುಕಲು ಊರಿಗೆ ಹೊತ್ತು ಹಿಡಿಯಲಿಲ್ಲ. ದೈವದಲ್ಲಿ ಎದ್ದು ಮಾತಾಡಿದವಳು ನಾನೊಬ್ಬಳೇ. ಮುಂದಿನ ಸೋಮವಾರ ಗಿರಣಿಗೆ ಯಾರೂ ಬರಲಿಲ್ಲ. ಮಂದಿ ಜೋಳ ಕಟ್ಟಿಕೊಂಡು ಹಳ್ಳ ದಾಟಿ ಬೇರೆ ಊರಿಗೆ ಹೋದರು. ಯಾರೂ ಜಗಳ ಮಾಡಲಿಲ್ಲ, ಬೈಯಲಿಲ್ಲ. ಎದುರಿಗೆ ಸಿಕ್ಕರೆ "ಊಟ ಆತೇನ್ರಿ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಗಿರಣಿಯಲ್ಲಿ ಒಬ್ಬಳೇ ಕೂತು ನನಗೆ ಸಿಟ್ಟು ಬಂತು, ಆಮೇಲೆ ಹೆದರಿಕೆ ಬಂತು. ನಮ್ಮ ಹೊಲದ ಫಸಲಿನಿಂದ ಮನೆ ನಡೆಯುವುದಿಲ್ಲ, ಗಿರಣಿಯಿಂದ ನಡೆಯುತ್ತದೆ. ಅದು ನಿಂತರೆ ನಾವು ಊರು ಬಿಡಬೇಕು.

ಆದರೆ ಇನ್ನೊಂದು ಸಂಗತಿಯೂ ನಡೆಯಿತು. ಪಂಕ್ಚರ್ ಅಂಗಡಿಯ ಸಾಧಿಕ್ ಹಿತ್ತಲ ಬಾಗಿಲಿನಿಂದ ಗೋಧಿ ತಂದು, ದನಿ ತಗ್ಗಿಸಿ, "ಭೇಷ್ ಮಾಡಿದ್ರಿ ಅಕ್ಕಾರ. ನಮಗ್ಯಾರಿಗೂ ಆಗದ್ದು ನೀವು ಮಾಡಿದ್ರಿ" ಎಂದ. ಅವನ ಹಿಂದೆ ಇನ್ನಿಬ್ಬರು ಮೂವರು ಹಾಗೇ ಬಂದರು. ಗುಡಿಯ ಮುಂದೆ ತಲೆಯಾಡಿಸಿದ್ದ ಒಬ್ಬ ಹಿರಿಯರು ಬಂದು ನನಗೆ ಕೈ ಮುಗಿದು ಹೋದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮತ ಗುಪ್ತವಾದದ್ದು ತಾನೇ?

ಒಂದು ದಿನ ಊಟಕ್ಕೆ ಕೂತಾಗ ನನ್ನ ಗಂಡ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು.

"ಖರೇ ಹೇಳು ಶೈಲಾ. ಅದು ನಿಂದಽ ಏನು?"

"ಯಾಕ್ರಿ, ನನ್ನದಾಗಿದ್ರ ಏನ ಮಾಡಾವ್ರಿದ್ರಿ?"

ಅವರು ಮುರಿದ ರೊಟ್ಟಿಯನ್ನು ತಾಟಿಗೆ ಇಟ್ಟರು. "ಏನೂ ಮಾಡಂಗಿಲ್ಲ. ನಾನಂತೂ ಕೂರಿಗಿ ಒತ್ತಿ ಬಂದೆ. ನಮ್ಮ ಮನ್ಯಾಗ ಒಬ್ಬರಿಗರೇ ಧೈರ್ಯ ಇತ್ತಲ್ಲ ಅಂತ ಅನಸ್ತು" ಎಂದರು. ಅಷ್ಟು ವರ್ಷ ಬಾಳಿದ್ದರಲ್ಲಿ ನನ್ನ ಬಗ್ಗೆ ಅವರು ಅಂಥ ಮಾತು ಆಡಿದ್ದು ಅದೇ ಮೊದಲು. ನಾನು ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮತ್ತೆ ದೈವ ಕೂಡಿತು. ಈ ಸಲ ತೀರ್ಮಾನ ಬೇರೆ: ಒಬ್ಬೊಬ್ಬರಾಗಿ ಒಳಗೆ ಹೋಗಿ, ಬಸವಣ್ಣನ ಪಾದ ಮುಟ್ಟಿ, ಆ ಮತ ನನ್ನದಲ್ಲ ಎಂದು ಆಣೆ ಮಾಡಬೇಕು. ಮೊದಲ ಹೆಸರು ನನ್ನದೇ. ನಾನು ಎದ್ದೆ. ಇಲ್ಲ ಎಂದು ಆಣೆ ಮಾಡಿ ಹೊರಗೆ ಬಂದಿದ್ದರೆ ಮುಗಿಯುತ್ತಿತ್ತು, ಮರುದಿನ ಗಿರಣಿ ತಿರುಗುತ್ತಿತ್ತು. ಆದರೆ ಸರ್ಕಾರಕ್ಕೆ ಹೇಳದ್ದನ್ನು ಗುಡಿಯಲ್ಲಿ ಯಾಕೆ ಹೇಳಬೇಕು ಎಂಬ ಹಟ ಹಿಡಿಯಿತು. "ನಾ ಆಣಿ ಮಾಡಂಗಿಲ್ಲ" ಎಂದೆ. ಈರೇಶ, "ಮತ್ತಿನ್ನೇನ, ಗೊತ್ತಾತಲ್ಲ ಬಿಡ್ರಿ" ಎಂದು ಎಲ್ಲರ ಕಡೆ ತಿರುಗಿದ. ಗಂಡಸರ ಸಾಲಿನಲ್ಲಿ ನನ್ನ ಗಂಡ ಎದ್ದು ನಿಂತದ್ದು ಕಾಣಿಸಿತು. ಅಷ್ಟರಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಫಕೀರವ್ವ ಮಾತಾಡಿದಳು.

ಫಕೀರವ್ವ ನಮ್ಮೂರ ಹಿರಿಯ ಮುದುಕಿ. ಪ್ರಚಾರಕ್ಕೆ ಬಂದ ಕೂರಿಗೆ ಪಕ್ಷದವರಿಗೆ ಪ್ರತಿ ಸಲ ಆರತಿ ಎತ್ತುವವಳು ಅವಳೇ. ಮನೆಯ ಬಾಗಿಲಿಗೆ ಅಂಟಿಸಿದ ಕೂರಿಗೆಯ ಚಿತ್ರಕ್ಕೆ ಕುಂಕುಮ ಹಚ್ಚುವವಳು.

"ಅಕೀನ್ನ ಯಾಕ ಕಾಡತೀರೋ? ಅದು ನಾ ಒತ್ತಿದ್ದು."

ಈರೇಶ ನಕ್ಕ. "ನೀ ಸುಮ್ಮಕ ಕೂಡ ಆಯಿ. ನೀ ಕೂರಿಗಿ ಬಿಟ್ಟು ಬ್ಯಾರೇದಕ್ಕ ಹಾಕಾಕಿ ಏನು?"

"ಕೂರಿಗಿಗೇ ಹಾಕೀನೋ ಯಪ್ಪಾ. ಮನಸಿನ್ಯಾಗ ನಿಮಗಽ ಹಾಕೀನಿ. ಆದ್ರ ಅವತ್ತ ಸೋಮಾರ ಇತ್ತಲ್ಲ. ಸೋಮಾರ ಕೂರಿಗಿಗೆ ಯಾರರೇ ಕೈ ಹಚ್ಚತಾರೇನು? ಅದಕ್ಕ ಬಸವಣ್ಣನ್ನ ನೆನೆಸಿ, ಬಾಜೂಕಿನ ಕಿಟ್ಲಿ ಒತ್ತಿ ಬಂದ್ನಿ."

ಯಾರೂ ನಗಲಿಲ್ಲ. ಅವಳು ಒಬ್ಬೊಬ್ಬರ ಮುಖ ನೋಡಿ, ನಿಜವಾಗಿಯೂ ಅಚ್ಚರಿಯಿಂದ ಕೇಳಿದಳು: "ಯಾಕ್ರೋ, ನಿಮಗ ಯಾರಿಗೂ ನೆಪ್ಪಾಗಲಿಲ್ಲೇನು, ಸೋಮಾರ ಇತ್ತಂತ?"

ನೆನಪಾಗಿರಲಿಲ್ಲ ಮಾನ್ಯರೇ. ಟ್ರ್ಯಾಕ್ಟರಿಗೂ ಸೋಮವಾರ ರಜೆ ಕೊಡುವ ಊರಿನಲ್ಲಿ, ಎಲ್ಲರೂ ಸಾಲಾಗಿ ನಿಂತು, ಬಸವಣ್ಣನ ದಿನ ಕೂರಿಗೆಯ ಮೇಲೆ ಬೆರಳಿಟ್ಟು ಬಂದಿದ್ದೆವು. ಹೆದರಿಕೆಯಲ್ಲಿ ದೇವರೂ ಮರೆತುಹೋಗಿದ್ದ. ಆ ಪಕ್ಷವನ್ನು ನಿಜವಾಗಿ ಪ್ರೀತಿಸುವ ಒಂದೇ ಒಂದು ಜೀವ ಮಾತ್ರ ಅವರಿಗೆ ಮತ ಹಾಕಿರಲಿಲ್ಲ. ಟೀವಿಯವರಿಗೆ ಈ ವಿಶ್ಲೇಷಣೆಯನ್ನು ನಾನು ಪುಕ್ಕಟೆ ಕೊಡುತ್ತೇನೆ.

ನನ್ನ ಮೇಲಿನ ಅಪವಾದ ಅಲ್ಲಿಗೆ ಕಳೆಯಿತು. ಹಾಗೆಯೇ ಇನ್ನೊಂದೂ ಕಳೆಯಿತು. ಆ ಒಂದು ಮತ ಫಕೀರವ್ವನದು ಎಂದಾದರೆ ನನ್ನದು ಯಾವುದು? ಲೆಕ್ಕ ಬಹಳ ಸುಲಭ, ಶಾಲೆಗೆ ಹೋಗದವರೂ ಮಾಡಬಹುದು. ಹೌದು, ನಾನೂ ಕೂರಿಗೆಯನ್ನೇ ಒತ್ತಿದ್ದೆ. ದೈವದಲ್ಲಿ ಅಷ್ಟು ಜೋರಾಗಿ ಮಾತಾಡಿದವಳು ಆ ರಟ್ಟಿನ ಮರೆಯ ಹಿಂದೆ ನಿಂತಾಗ, ಒಂದು ಮತ ಆಚೀಚೆ ಬಿದ್ದರೂ ಮಂದಿ ನನ್ನನ್ನೇ ಹಿಡಿಯುತ್ತಾರೆ ಎಂದು ಹೊಳೆಯಿತು. ನಿಮ್ಮ ಮತಗಟ್ಟೆವಾರು ಹಾಳೆ ನನ್ನ ಕಣ್ಣ ಮುಂದೆ ಬಂತು. ಬೆರಳು ತಾನಾಗಿ ಕೂರಿಗೆಗೆ ಹೋಯಿತು. ಅಂದು ಗುಡಿಯಿಂದ ಬಂದು ಮನೆ ಮುಟ್ಟಿದ ಮೇಲೆ ನನ್ನ ಗಂಡ, "ಇರ್ಲಿ ಬಿಡು, ಗಿರಣಿ ಉಳೀತಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಸಾಧಿಕ್ ಈಗ ಮುಂಬಾಗಿಲಿನಿಂದಲೇ ಗೋಧಿ ತರುತ್ತಾನೆ, ನನ್ನ ಮುಖ ನೋಡದೆ ಡಬ್ಬಿ ಇಟ್ಟು ಹೋಗುತ್ತಾನೆ. ನಾನು ಅವನಿಗೆ ಸುಳ್ಳು ಹೇಳಿರಲಿಲ್ಲ, ಆದರೂ ಸುಳ್ಳು ಹೇಳಿದ ಹಾಗೆಯೇ ಆಗಿದೆ. ಊರ ಮಂದಿ ಏನೂ ನಡೆದೇ ಇಲ್ಲವೆಂಬಂತೆ ಜೋಳ ತರುತ್ತಿದ್ದಾರೆ. ತಪ್ಪಾಯಿತು ಎಂದವರು ಯಾರೂ ಇಲ್ಲ. ಅವರನ್ನು ಬೈಯಲು ನನಗೂ ಈಗ ಬಾಯಿಲ್ಲ.

ಇಷ್ಟಕ್ಕೇ ಮುಗಿಯಿತು ಎಂದುಕೊಳ್ಳಬೇಡಿ. ವಿಷಯ ಕೇಳಿ ಮುಖಂಡರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ನಕ್ಕು ಮುಗಿದ ಮೇಲೆ, "ಮುದುಕರನ್ನ ಒಬ್ಬೊಬ್ಬರನ್ನಽ ಒಳಗ ಬಿಡಬ್ಯಾಡ್ರಿ. ಕಣ್ಣು ಕಾಣಂಗಿಲ್ಲ ಅಂತ ಹೇಳಸ್ರಿ, ಜೋಡಿ ಒಬ್ಬರು ಹೋಗಿ ಒತ್ತಿ ಬರ್ರಿ" ಎಂದು ಅಪ್ಪಣೆ ಕೊಟ್ಟರಂತೆ. ಕುರುಡರಿಗೂ ಅಶಕ್ತರಿಗೂ ಸಹಾಯಕರನ್ನು ಕೊಡುವ ನಿಮ್ಮ ಒಳ್ಳೆಯ ನಿಯಮ ಅವರಿಗೆ ಬಾಯಿಪಾಠವಿದೆ. ಫಕೀರವ್ವನ ಜೊತೆ ಯಾರು ಹೋಗಬೇಕು ಎಂದು ಈರೇಶ ಆಗಲೇ ಗೊತ್ತು ಮಾಡಿದ್ದಾನೆ. ಬಿಳಿಜೋಳದಲ್ಲಿ ಬಿಳಿ ಹರಳನ್ನು ಆರಿಸಿ ಗಿರಣಿಗೆ ತರುವ ಮುದುಕಿ ಮುಂದಿನ ಚುನಾವಣೆಯಲ್ಲಿ ಕುರುಡಿಯಾಗುತ್ತಾಳೆ. ಆಗ ನಮ್ಮ ಮತಗಟ್ಟೆಯ ಅಂಕಿ ಪರಿಪೂರ್ಣವಾಗಿರುತ್ತದೆ, ಆ ಒಂದೂ ಇರುವುದಿಲ್ಲ. ಆ ದಿನ ಅದನ್ನು ಜನಾದೇಶ ಎಂದು ಓದಿ ಹೇಳುವವರು ನೀವು. ನಿಮ್ಮ ದನಿ ನಡುಗುತ್ತದೆಯೇ, ಇಲ್ಲವೇ?

ಸೇತುವೆಯ ಸುದ್ದಿ ಕೇಳಿದರೆ, ಕಡತ ಪರಿಶೀಲನೆಯಲ್ಲಿದೆ ಎಂದು ತಿಳಿಯಿತು. ಹಳ್ಳದ ದಂಡೆಯಲ್ಲಿ ಸದ್ಯಕ್ಕೆ ಮತದಾರ ಬಾಂಧವರಿಗೆ ಕೃತಜ್ಞತೆ ಹೇಳುವ ಒಂದು ದೊಡ್ಡ ಬ್ಯಾನರ್ ನಿಂತಿದೆ.

ಹೋದ ಸೋಮವಾರ ಫಕೀರವ್ವ ಜೋಳ ತಂದಿದ್ದಳು. ಗಿರಣಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹಿಟ್ಟು ಬೀಳುವುದನ್ನು ನೋಡುತ್ತ ಕೂತವಳು, ಮಕ್ಕಳು ಕೇಳಿದ ಹಾಗೆ ಕೇಳಿದಳು.

"ಯವ್ವಾ, ಅವತ್ತ ನೀ ಎದಕ್ಕ ಒತ್ತಿದಿ?"

ಇಡೀ ಊರಿಗೆ ಗೊತ್ತಿದ್ದ ಸಂಗತಿ, ಪಾಪ, ಅವಳೊಬ್ಬಳಿಗೆ ಲೆಕ್ಕ ಹಾಕಲು ಬಂದಿರಲಿಲ್ಲ. ಗಂಡನಿಗೆ ಹೇಳದ್ದನ್ನು ಅವಳಿಗೆ ಹೇಳಿದೆ. "ಕೂರಿಗಿಗೆ, ಆಯಿ."

ಅವಳು ನನ್ನನ್ನೇ ನೋಡಿದಳು. "ಸೋಮಾರಾ?" ಎಂದಳು.

ಗಿರಣಿಯ ಸದ್ದು ಜೋರಾಗಿತ್ತು, ಆದರೂ ಕೇಳಿಸಿತು. ಈಗಲೂ ಕೇಳಿಸುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಹತ್ತಾರು ಊರುಗಳ ಮತಗಳನ್ನು ಒಟ್ಟಿಗೆ ಕಲಸಿ ಎಣಿಸಿರಿ. ಯಾವ ಊರು ಯಾರಿಗೆ ಹಾಕಿತು ಎನ್ನುವುದು ನಿಮಗೂ ತಿಳಿಯಬಾರದು, ಮುಖಂಡರಿಗೂ ತಿಳಿಯಬಾರದು, ನನ್ನ ಗಂಡನಿಗೂ ತಿಳಿಯಬಾರದು. ಗೋಡೆಯ ಮೇಲೆ ಬರೆಸಿದ ಮಾತನ್ನು ಎಣಿಕೆಯ ಕೋಣೆಯವರೆಗೆ ಉಳಿಸಿಕೊಳ್ಳಿ. ಅದು ಆಗದು, ನಿಯಮ ಒಪ್ಪದು, ಮೇಲಿನವರನ್ನು ಕೇಳಬೇಕು ಎನ್ನುವಿರಾದರೆ ಇನ್ನೊಂದು ಸಣ್ಣ ಉಪಕಾರ ಮಾಡಿ. ಇನ್ನು ಮುಂದೆ ಪ್ರತಿಯೊಂದು ಚುನಾವಣೆಯನ್ನೂ ಸೋಮವಾರವೇ ಇಡಿ. ಧೈರ್ಯವಂತೂ ನಮ್ಮಲ್ಲಿ ಉಳಿದಿಲ್ಲ, ಹೆದರಿದವರಿಗೆ ಬಸವಣ್ಣನ ನೆಪವಾದರೂ ಸಿಗಲಿ.

ಇಂತಿ,
ಸೋಮವಾರವೇ ಕೂರಿಗೆಗೆ ಕೈ ಹಚ್ಚಿದ ನಾನೂರು ಚಿಲ್ಲರೆ ಮಂದಿಯಲ್ಲಿ ಒಬ್ಬಳು,
ಶೈಲಾ
ಹಿಟ್ಟಿನ ಗಿರಣಿ, ಸೇತುವೆಯಿಲ್ಲದ ಹಳ್ಳದ ಆಚೆ ದಂಡೆ